ನನ್ನ ನೆರೆಯವರು ನನ್ನ ಶತ್ರುಗಳಲ್ಲ: ಸೈತಾನನಿಗೊಂದು ಬಹಿರಂಗ ಪತ್ರ

ಸೈತಾನನೇ,

ನಿನಗೆ ಬರೆಯುವ ಪತ್ರ ಬಹಿರಂಗವಾಗಿಯೇ ಇರಬೇಕು. ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಕಿವಿಯೂದುವುದು ನಿನ್ನ ರೀತಿ. ನಾನು ಹೇಳಬೇಕಾದ್ದನ್ನು ನಾಲ್ಕು ಜನರ ಮುಂದೆ, ಅದರಲ್ಲೂ ನನ್ನ ಸಭೆಯವರ ಮುಂದೆ ಹೇಳುತ್ತೇನೆ. ಇದರಲ್ಲಿ ಅವರಿಗೂ ಒಂದು ಮಾತಿದೆ.

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಆತ್ಮಿಕ ಯುದ್ಧದ ಮಾತು ಈಗ ಬಹಳ ಕೇಳಿಬರುತ್ತದೆ. ಮೈಕು ಹಿಡಿದು ನಿನ್ನನ್ನು ಕಟ್ಟಿಹಾಕುತ್ತಾರೆ, ಗದರಿಸುತ್ತಾರೆ, ಊರಾಚೆ ಓಡಿಸುತ್ತಾರೆ. ಬೈಬಲನ್ನು ನಂಬುವ ನನಗೆ ಆ ಹೋರಾಟ ನಿಜವೇ. ಆದರೆ ಕೂಟ ಮುಗಿಸಿ ಹೊರಬಂದವರ ಕಣ್ಣಿಗೆ ಎದುರುಮನೆಯ ರಂಗೋಲಿ, ಓಣಿಯ ಗುಡಿ, ಆಚೆ ಬೀದಿಯ ಮಸೀದಿ, ಅಲ್ಲಿಗೆ ಹೋಗಿಬರುವ ಜನ ಎಲ್ಲವೂ ವೈರಿಯ ಪಾಳೆಯವಾಗಿ ಕಂಡರೆ, ಆ ದಿನ ಗೆದ್ದವನು ನೀನು.

ಈ ಯುದ್ಧಕ್ಕೆ ದೇವರು ಕೊಡುವ ಸರ್ವಾಯುಧಗಳ ಬಗ್ಗೆ ಎಫೆಸದವರಿಗೆ ಬರೆದ ಪೌಲ ಆಗ ಸೆರೆಯಲ್ಲಿದ್ದ. ತಾನು ಬೇಡಿ ಬಿದ್ದಿರುವ ರಾಯಭಾರಿ ಎಂದು ಅದೇ 6ನೇ ಅಧ್ಯಾಯದಲ್ಲಿ ಹೇಳಿಕೊಂಡಿದ್ದಾನೆ. ಕಾವಲಿನ ಸಿಪಾಯಿಗಳನ್ನು ದ್ವೇಷಿಸಲು ಅವನಿಗೆ ಕಾರಣವಿತ್ತು. ಆದರೂ ಆಯುಧಗಳ ಪಟ್ಟಿ ಕೊಡುವ ಮೊದಲೇ, ನಮ್ಮ ಹೋರಾಟ ರಕ್ತಮಾಂಸದ ಮನುಷ್ಯರ ಮೇಲಲ್ಲ ಎಂದು ಖಚಿತ ಮಾಡಿದ. ಅವನ ಪಟ್ಟಿಯಲ್ಲಿ ನಡುಕಟ್ಟು ಸತ್ಯ, ಕವಚ ನೀತಿ, ಕಾಲಿನ ಕೆರ ಸಮಾಧಾನದ ಸುವಾರ್ತೆ. ಸುಳ್ಳು ಸಾಕ್ಷಿ ಹೇಳಿ ಸುವಾರ್ತೆ ಸಾರುವವನು ನಡುಕಟ್ಟು ಬಿಚ್ಚಿಟ್ಟು ಯುದ್ಧಕ್ಕೆ ಹೋದಂತೆ.

ನೀನು ಯೇಸುವನ್ನು ಅಡವಿಯಲ್ಲಿ ಶೋಧಿಸಿದ್ದನ್ನು ಮತ್ತಾಯನ 4ನೇ ಅಧ್ಯಾಯದಲ್ಲಿ ಓದುವಾಗಲೆಲ್ಲ ನನಗೊಂದು ವಿಚಾರ ಹೊಳೆಯುತ್ತದೆ. ಕಲ್ಲನ್ನು ರೊಟ್ಟಿ ಮಾಡು ಎಂದೆ. ದೇವಾಲಯದ ಶಿಖರದಿಂದ ಧುಮುಕು ಎಂದೆ. ಅದಕ್ಕೆ ಆಧಾರವಾಗಿ 91ನೇ ಕೀರ್ತನೆಯನ್ನೇ ಬಾಯಿಪಾಠ ಹೇಳಿದೆ. ಲೋಕದ ರಾಜ್ಯಗಳನ್ನೆಲ್ಲ ತೋರಿಸಿ, ಅಡ್ಡಬಿದ್ದರೆ ಕೊಡುತ್ತೇನೆ ಎಂದೆ. ಜನರನ್ನು ಗೆಲ್ಲಲು ಇವೇ ಮೂರು ಅಡ್ಡದಾರಿಗಳು: ಹಸಿದವರಿಗೆ ಆಸೆ ತೋರಿಸುವುದು, ಪವಾಡವನ್ನು ಪ್ರದರ್ಶನಕ್ಕಿಡುವುದು, ಅಧಿಕಾರದ ಬಲ ಹಾಕುವುದು. ಯೇಸು ಮೂರನ್ನೂ ತಳ್ಳಿಹಾಕಿದ. ಆಮೇಲೆ ಆತ ಹಸಿದವರಿಗೆ ಉಣಿಸಿದ್ದೂ ನಿಜ, ರೋಗಿಗಳನ್ನು ಗುಣಪಡಿಸಿದ್ದೂ ನಿಜ. ಅದನ್ನು ಕನಿಕರದಿಂದ ಮಾಡಿದ, ಹಿಂಬಾಲಕರ ಲೆಕ್ಕ ಹೆಚ್ಚಿಸಲು ಮಾಡಲಿಲ್ಲ.

ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ಅದನ್ನು ಹಿಂಪಡೆಯಲು ಮರುವರ್ಷ ಸಚಿವ ಸಂಪುಟ ತೀರ್ಮಾನಿಸಿತು. ಇಂಥ ಕಾಯ್ದೆಗಳ ದುರುಪಯೋಗದ ಬಗ್ಗೆ ನನಗೆ ಆತಂಕವಿದೆ. ಆದರೆ ಬಲವಂತ, ಆಮಿಷ, ಮೋಸ ಬೇಡ ಎಂಬುದನ್ನು ಕಲಿಯಲು ಕ್ರೈಸ್ತರು ಯಾವ ಕಾಯ್ದೆಗೂ ಕಾಯಬೇಕಿಲ್ಲ. ಅಡವಿಯಲ್ಲೇ ನಮ್ಮ ಗುರು ಅದನ್ನು ತೀರ್ಮಾನಿಸಿದ್ದಾನೆ.

ನಿನ್ನ ಇನ್ನೊಂದು ಆಯುಧ ಭಯ. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಕೂತಾಗ ಯಾರೋ ಪ್ರೀತಿಯಿಂದಲೇ ಕೇಳುತ್ತಾರೆ: "ಅಕ್ಕೋರ, ನೀವು ಯೇಸೂನ್ನ ಯಾಕ ನಂಬತೀರಿ?" ತಕ್ಷಣ ನಾಲಿಗೆ ಕಟ್ಟಿಬಿಡುತ್ತೀ. ಹೇಳಿದರೆ ಏನೋ ಆದೀತು, ಸುಮ್ಮನಿರು ಎನ್ನುತ್ತೀ. ಪೇತ್ರ ತನ್ನ ಮೊದಲ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ: ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಹೇಳಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಿರಿ. ಜನ ಕೇಳುವಂತೆ ಬದುಕುವುದು ಮೊದಲ ಕೆಲಸ. ಕೇಳಿದಾಗ ಅಂಜದೆ ಹೇಳುವುದು ಎರಡನೆಯದು.

ಹೋದ ಮಳೆಗಾಲ ನಮ್ಮ ಓಣಿಯ ಅಕ್ಕ ಒಬ್ಬರ ಮಗನಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿಯುತ್ತಿತ್ತು. ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದ ಅವರ ಒಂದು ಕೈಯಲ್ಲಿ ಲ್ಯಾಬ್ ರಿಪೋರ್ಟು, ಇನ್ನೊಂದರಲ್ಲಿ ಯಲ್ಲಮ್ಮನ ಭಂಡಾರದ ಪುಡಿಕೆ. "ಅಕ್ಕೋರ, ನಿಮ್ಮ ಯೇಸಪ್ಪಗೂ ನನ್ನ ಮಗನ ಹೆಸರು ಹೇಳ್ರಿ" ಎಂದರು. ಆಗ ನೀನು ಎರಡೂ ಕಿವಿಯಲ್ಲಿ ಮಾತಾಡಿದೆ. ಮೊದಲು ಭಂಡಾರ ಬಿಸಾಕಲು ಹೇಳು ಎಂದು ಒಂದರಲ್ಲಿ, ಯಾರಾದರೂ ಕೇಳಿಸಿಕೊಂಡಾರು, ಎದ್ದು ಹೋಗು ಎಂದು ಇನ್ನೊಂದರಲ್ಲಿ. ನಾನು ಅವರ ಮುಂಗೈ ಹಿಡಿದು, ಹುಡುಗನ ಹೆಸರು ಹೇಳಿ, ಅವರಿಗೆ ಕೇಳಿಸುವಷ್ಟೇ ದನಿಯಲ್ಲಿ ಪ್ರಾರ್ಥಿಸಿದೆ. ಪುಡಿಕೆ ಅವರ ಮುಷ್ಟಿಯಲ್ಲೇ ಇತ್ತು. ಹುಡುಗ ಗುಣವಾದ. ಡಾಕ್ಟರು, ನರ್ಸುಗಳು ರಾತ್ರಿಯೆಲ್ಲ ದುಡಿದದ್ದನ್ನು ನನ್ನ ಪ್ರಾರ್ಥನೆಯ ಖಾತೆಗೆ ಬರೆದುಕೊಳ್ಳಲಾರೆ. ಮುಂದೊಂದು ದಿನ ಅವರೇ ಬಂದು ಯೇಸುವಿನ ಕಥೆ ಕೇಳಿದರು. ಗೋದಲಿಯಿಂದ ಹಿಡಿದು ಶಿಲುಬೆ, ಪುನರುತ್ಥಾನದವರೆಗೆ ಹೇಳಿದೆ. ಅವರು ಸವದತ್ತಿಯ ಯಲ್ಲಮ್ಮನ ಕಥೆ ಹೇಳಿದರು. ಪೂರ್ತಿ ಕೇಳಿದೆ.

ಕೇಳಿಸಿಕೊಳ್ಳುವುದು ನಂಬಿಕೆಗೆ ಮಾಡಿದ ದ್ರೋಹವೆಂದು ನೀನು ಹೇಳಬಹುದು. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಸುವಾರ್ತೆ ಸಾರಲೆಂದೇ ಬಂದವರು. ಆದರೂ ಅವರು 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು, 1850ರಲ್ಲಿ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ತಾವು ಸುವಾರ್ತೆ ಹೇಳಲು ಬಂದ ಜನರ ಹಾಡಿಗೆ ಕಿವಿಗೊಟ್ಟರೂ ಅವರ ನಂಬಿಕೆ ಕರಗಿಹೋಗಲಿಲ್ಲ.

ಒಡಿಶಾದ ಮನೋಹರಪುರವನ್ನು ನೀನು ಮರೆತಿರಲಾರೆ. 1999ರ ಜನವರಿಯ ಆ ರಾತ್ರಿ, ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಮಕ್ಕಳಾದ 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ ಮಲಗಿದ್ದ ಗಾಡಿಗೆ ಬೆಂಕಿ ಹಚ್ಚಿ ಮೂವರನ್ನೂ ಕೊಂದರು. ಕೊಂದವರು ಮನುಷ್ಯರು, ಅವರನ್ನು ವಿಚಾರಿಸಿದ್ದು ನ್ಯಾಯಾಲಯ. ನಿನಗೆ ಬೇಕಾಗಿದ್ದದ್ದು ಅದರ ನಂತರದ್ದು: ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಎದೆಯಲ್ಲಿ ಹೊತ್ತಿ ಉರಿಯಬೇಕಾದ ದ್ವೇಷ. ಆಕೆ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಮಗಳೊಂದಿಗೆ ಬಾರಿಪದಾದಲ್ಲೇ ಉಳಿದು, ಅದೇ ರೋಗಿಗಳ ಸೇವೆಯನ್ನು ವರ್ಷಗಟ್ಟಲೆ ಮುಂದುವರಿಸಿದರು. 2005ರಲ್ಲಿ ಈ ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು. ಆತ್ಮಿಕ ಯುದ್ಧ ಎಂದರೇನು ಎಂದು ನನ್ನ ಭಾನುವಾರದ ಶಾಲೆಯ ಮಕ್ಕಳು ಕೇಳಿದರೆ ನಾನು ಹೇಳುವುದು ಈ ತಾಯಿಯ ಕಥೆಯನ್ನೇ.

ನನ್ನ ಸಭೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಈಗ ನಿಮಗೆ. ಎದುರಾಳಿ ಇದ್ದಾನೆ, ಆದರೆ ಅವನ ವಿಳಾಸ ಎದುರುಮನೆಯದಲ್ಲ. ನಮ್ಮ ಸುಳ್ಳಿನೊಂದಿಗೆ, ಅಹಂಕಾರದೊಂದಿಗೆ, ಅಂಜಿಕೆಯೊಂದಿಗೆ ದಿನವೂ ಮೊಣಕಾಲೂರಿ ಹೋರಾಡೋಣ. ನೆರೆಯವರ ಮನೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಟ್ಟು, ಬರಿಗೈಯಲ್ಲಿ, ಸ್ನೇಹಿತರಾಗಿ ಹೋಗೋಣ. ಕೇಳಿದರೆ ಯೇಸುವಿನ ಹೆಸರನ್ನು ಮುಚ್ಚುಮರೆಯಿಲ್ಲದೆ ಹೇಳೋಣ. ಒಪ್ಪುವುದು ಬಿಡುವುದು ಅವರಿಗೆ ದೇವರೇ ಕೊಟ್ಟ ಸ್ವಾತಂತ್ರ್ಯ. ಅವರು ಒಪ್ಪದಿದ್ದರೂ ನಮ್ಮ ಪ್ರೀತಿ ಒಂದು ಗುಂಜಿಯಷ್ಟೂ ಕಡಿಮೆಯಾಗಬಾರದು.

ಇಂತಿ,
ಕ್ರಿಸ್ತನ ಶಿಷ್ಯಳೊಬ್ಬಳು
ಧಾರವಾಡ