ಬಂಗಾರದ ಮರದಡಿ ಪಾಲಿನ ಜಗಳ

ನಾನು ಮೊದಲ ಸಲ ಸತ್ತದ್ದು ಡಿಸೆಂಬರ್ 26ರ ಸಂಜೆ, ಮಿಸ್ಸಿಸಾಗದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ. ಕ್ರಿಸ್‌ಮಸ್ ಮರುದಿನ ಕೆನಡಾದಲ್ಲಿ ಬಾಕ್ಸಿಂಗ್ ಡೇ. ಅಗ್ಗಕ್ಕೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಬೇಡದ್ದನ್ನೆಲ್ಲ ಕೊಂಡು ತರುವ ಪುಣ್ಯದಿನ. ನಾನು ಮೂರನೆಯ ಏರ್‌ಫ್ರೈಯರ್ ತಂದೆ, ಮಗ ‘ಎಲ್ಡನ್ ರಿಂಗ್’ ಎಂಬ ವಿಡಿಯೋ ಗೇಮ್ ತಂದ. ಹದಿನಾರರ ಹುಡುಗ, ವೈಫೈ ಹೋದಾಗ ಮಾತ್ರ ಅಪ್ಪನ ನೆನಪಾಗುವ ವಯಸ್ಸು. ಅಂಥವನು ತಾನಾಗಿಯೇ ಬಂದು “ಅಪ್ಪಾ, ನೀವೂ ಆಡ್ತೀರಾ?” ಎಂದರೆ ಯಾವ ತಂದೆ ತಾನೇ ಕರಗುವುದಿಲ್ಲ? ಅವನಿಗೆ ಬೇಕಾಗಿದ್ದದ್ದು ಅಪ್ಪನ ಜೊತೆಯಲ್ಲ, ಅಪ್ಪ ಸಾಯುವುದನ್ನು ನೋಡುವ ಮಜಾ ಎಂಬುದು ಹತ್ತೇ ನಿಮಿಷದಲ್ಲಿ ಗೊತ್ತಾಯಿತು.

ಈ ಆಟ ಶುರುವಾಗುವುದೇ ಸಾವಿನಿಂದ. ಹತ್ತಾರು ಕೈಗಳ ಜಂತುವೊಂದು ಬಂದು ನಿಮ್ಮನ್ನು ಬಡಿದು ಹಾಕುತ್ತದೆ. “ಇದಕ್ಕೆ ಎಲ್ಲರೂ ಸಾಯ್ತಾರೆ ಅಪ್ಪ, ಬೇಜಾರು ಮಾಡ್ಕೋಬೇಡಿ” ಎಂದ ಮಗ. ಗುಹೆಯಿಂದ ಹೊರಬಂದರೆ ಕಣ್ಣು ತುಂಬುವಷ್ಟು ಹಸಿರು ಬಯಲು, ಆಕಾಶಕ್ಕೆ ಚಾಚಿದ ಬಂಗಾರದ ಮರ, ಅದರಡಿಯ ದಾರಿಯಲ್ಲಿ ಬಂಗಾರದ ಕವಚ ತೊಟ್ಟು ಬಂಗಾರದ ಕುದುರೆ ಏರಿದ ಒಬ್ಬ ಸವಾರ. ದಸರಾ ಮೆರವಣಿಗೆಯ ಠೀವಿ. ಸ್ವಾಗತಕ್ಕೆ ನಿಂತಿರಬೇಕೆಂದುಕೊಂಡು ಹತ್ತಿರ ಹೋದೆ. ಕುದುರೆ ಎಗರಿತು. ಪರದೆಯ ನಡುವೆ ಕೆಂಪಕ್ಷರ ಮೂಡಿತು: ‘ಯೂ ಡೈಡ್’.

ಆರು ತಿಂಗಳಿಗೆಂದು ಸಾಗರದಿಂದ ಬಂದಿದ್ದ ಅಮ್ಮ ಪಕ್ಕದ ಸೋಫಾದಲ್ಲಿ ಕಾಲು ಮಡಿಸಿ ಕೂತು ಹೂಬತ್ತಿ ಮಾಡುತ್ತಿದ್ದಳು. ಹೊರಗೆ ಮೈನಸ್ ಹದಿನೆಂಟು. ಅವಳ ವಾಕಿಂಗೆಲ್ಲ ಬೇಸ್‌ಮೆಂಟಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ.

“ಎಂತ ಬರೆದಿದೆ ಅದು?”

“ನೀವು ಸತ್ರಿ ಅಂತ, ಅಜ್ಜಿ.”

“ದೀಪ ಹಚ್ಚೋ ಹೊತ್ತಿಗೆ ಮನೆಯೊಳಗೆ ಎಂಥಾ ಮಾತು ಮಾರಾಯ! ಅಳಿಸು ಮೊದಲು.”

ಅಳಿಸಲು ಆಗುವುದಿಲ್ಲ. ಅದು ಬರುತ್ತಲೇ ಇತ್ತು. ಕೊನೆಗೆ ಅಮ್ಮ ಪರಿಹಾರ ಕಂಡುಕೊಂಡಳು: ನಾನು ಒಂದು ಸಲ ಸತ್ತರೆ ಅವಳು ಒಂದು ಬತ್ತಿ ಹೊಸೆಯುವುದು. ಮೊದಲ ಸಂಜೆಗೇ ಹನ್ನೊಂದಾಯಿತು. ಈ ಲೆಕ್ಕದಲ್ಲಿ ಯುಗಾದಿಯೊಳಗೆ ಊರ ದೇವಸ್ಥಾನಕ್ಕೆ ಲಕ್ಷ ಬತ್ತಿ ಒಪ್ಪಿಸಬಹುದು ಎಂದಳು.

ಎಲ್ಡನ್ ರಿಂಗ್ ಬಂದದ್ದು 2022ರ ಫೆಬ್ರವರಿ 25ಕ್ಕೆ. ಮಾಡಿದವರು ಟೋಕಿಯೋದ ಫ್ರಂಸಾಫ್ಟ್‌ವೇರ್ ಕಂಪನಿ. ಬೇರೆ ಆಟಗಳಲ್ಲಿ ಸುಲಭ, ಮಧ್ಯಮ, ಕಷ್ಟ ಎಂದು ಆರಿಸಿಕೊಳ್ಳಬಹುದು. ಇದರಲ್ಲಿ ಅಂಥ ದಾಕ್ಷಿಣ್ಯವೇ ಇಲ್ಲ. ಐವತ್ತು ದಾಟಿದ, ಕನ್ನಡಕದ, ಭುಜ ಹಿಡಿದುಕೊಂಡವನಿಗೂ ಅದೇ ಏಟು. ಮಗನನ್ನು ಉಪಾಯ ಕೇಳಿದರೆ “ಗಿಟ್ ಗುಡ್, ಅಪ್ಪ” ಎಂದ. ಇಪ್ಪತ್ತೈದು ವರ್ಷ ಸಾಫ್ಟ್‌ವೇರಿನಲ್ಲಿ ಸವೆದವನಿಗೆ ಗಿಟ್ ಎಂದರೆ ಕೋಡ್ ಇಟ್ಟುಕೊಳ್ಳುವ ಸಾಧನ. ಅದಕ್ಕೂ ಈ ಕತ್ತಿಗೂ ಎಲ್ಲಿಯ ಸಂಬಂಧ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ‘ಚೆನ್ನಾಗಿ ಆಡೋದು ಕಲಿ’ ಎನ್ನುವುದಕ್ಕೆ ಈ ಆಟದವರ ಭಾಷೆಯಂತೆ ಅದು.

ಇದರ ನಿರ್ದೇಶಕ ಹಿದೆತಾಕ ಮಿಯಾಝಾಕಿ ಎಂಬಾತನೂ ಮೊದಲು ನಮ್ಮಂತೆಯೇ ಐಟಿ ಕೂಲಿ, ಒರಾಕಲ್ ಕಂಪನಿಯಲ್ಲಿ. ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, 2004ರಲ್ಲಿ, ಅದನ್ನು ಬಿಟ್ಟು ಆಟ ಮಾಡಲು ಹೋದ. ಇಪ್ಪತ್ತೊಂಬತ್ತರಲ್ಲಿ ನಾನು ಚೆನ್ನೈನ ವೀಸಾ ಸಾಲಿನಲ್ಲಿ ಫೈಲು ಹಿಡಿದು ನಿಂತಿದ್ದೆ. ಇರಲಿ. ಆತ ಚಿಕ್ಕವನಿದ್ದಾಗ ಗ್ರಂಥಾಲಯದಿಂದ ಇಂಗ್ಲಿಷ್ ಕಥೆ ಪುಸ್ತಕ ತಂದು ಓದುತ್ತಿದ್ದನಂತೆ. ಅರ್ಧ ಅರ್ಥವಾಗುತ್ತಿರಲಿಲ್ಲ, ಉಳಿದರ್ಧವನ್ನು ಚಿತ್ರ ನೋಡಿಕೊಂಡು ತಾನೇ ಕಟ್ಟಿಕೊಳ್ಳುತ್ತಿದ್ದ. ಅದಕ್ಕೇ ಇರಬೇಕು, ಅವನ ಆಟಗಳಲ್ಲಿ ಯಾರೂ ಕಥೆಯನ್ನು ನೆಟ್ಟಗೆ ಹೇಳುವುದಿಲ್ಲ. ಈ ಲೋಕದ ಪೂರ್ವಕಥೆ ಬರೆದುಕೊಟ್ಟವರು ಜಾರ್ಜ್ ಆರ್. ಆರ್. ಮಾರ್ಟಿನ್. ಅದನ್ನು ಚೂರುಚೂರು ಮಾಡಿ ಒಂದು ಚೂರನ್ನು ಕತ್ತಿಯ ವಿವರಣೆಯಲ್ಲಿ, ಇನ್ನೊಂದನ್ನು ಯಾವುದೋ ಮುದುಕಿಯ ಗೊಣಗಾಟದಲ್ಲಿ ಬಚ್ಚಿಟ್ಟಿದ್ದಾರೆ. ನಾನು ಹದಿನೈದು ದಿನ ಆಡಿದರೂ ಯಾರನ್ನು ಯಾಕೆ ಕೊಲ್ಲುತ್ತಿದ್ದೇನೆ ಎಂದು ತಿಳಿದಿರಲಿಲ್ಲ.

ಬಿಡಿಸಿ ಹೇಳಿದ್ದು ಅಮ್ಮ.

ಮಗ ಅವಳಿಗೆ ಅಲ್ಲಿ ಇಲ್ಲಿ ಓದಿದ್ದನ್ನು ತನ್ನ ಕೆನಡಾ ಕನ್ನಡದಲ್ಲಿ ವರದಿ ಮಾಡುತ್ತಿದ್ದ. ಮಾರಿಕಾ ಅಂತ ರಾಣಿ. ಅವಳ ಮೊದಲ ಗಂಡನನ್ನು ದೇಶ ಬಿಟ್ಟು ಕಳಿಸಿದರು. ರಡಗಾನ್ ಅಂತ ಇನ್ನೊಬ್ಬ, ತನ್ನ ಹೆಂಡತಿಯನ್ನೂ ಮೂರು ಮಕ್ಕಳನ್ನೂ ಬಿಟ್ಟು ಬಂದು ಈ ರಾಣಿಗೆ ಎರಡನೆಯ ಗಂಡನಾದ. ಅವರಿಗೆ ಅವಳಿ ಮಕ್ಕಳು. ಆಮೇಲೆ, ಆಟಕ್ಕೆ ಹೆಸರು ಕೊಟ್ಟ ಆ ಎಲ್ಡನ್ ರಿಂಗ್ ಒಡೆಯಿತು. ಮಕ್ಕಳೆಲ್ಲ ಒಂದೊಂದು ಚೂರು ಹಿಡಿದುಕೊಂಡು ಹೊಡೆದಾಡಿದರು. ಯಾರೂ ಗೆಲ್ಲಲಿಲ್ಲ.

“ಗೊತ್ತಾಯ್ತು ಬಿಡು, ಪಾಲಿನ ಜಗಳ” ಎಂದಳು ಅಮ್ಮ. “ಎರಡು ಸಂಸಾರ, ಒಂದು ಮನೆ, ಉಯಿಲು ಬರೆದಿಟ್ಟಿಲ್ಲ. ಆ ಮರ ಯಾರ ಪಾಲಿಗೆ ಬಂದಿದೆ?”

“ಯಾರಿಗೂ ಇಲ್ಲ ಅಜ್ಜಿ.”

“ಹಾಗಾದ್ರೆ ಕೋರ್ಟಲ್ಲಿದೆ.”

ಅವತ್ತಿನಿಂದ ನನಗೆ ಆಟ ಸರಾಗವಾಗಿ ಅರ್ಥವಾಗತೊಡಗಿತು. ಸಾಗರದ ಕಡೆ ಮೂರೆಕರೆ ಅಡಿಕೆ ತೋಟಕ್ಕೆ ಮೂರು ತಲೆಮಾರು ಕೋರ್ಟು ಅಲೆದವರಿಗೆ ಈ ದೇವಮಾನವರೆಲ್ಲ ಅಪರಿಚಿತರೇನಲ್ಲ.

ಅರ್ಥವಾದ ಮಾತ್ರಕ್ಕೆ ಸಾಯುವುದು ನಿಲ್ಲಲಿಲ್ಲ. ನನ್ನ ಮೊದಲ ತಪ್ಪು ಮೈತುಂಬ ಕಬ್ಬಿಣ ತೊಟ್ಟದ್ದು. ಸಿಕ್ಕಿದ ಕವಚ, ಗುರಾಣಿ, ಗದೆ ಎಲ್ಲ ಹೇರಿಕೊಂಡೆ. ತಾಳುವ ಭಾರದ ಶೇ. 70 ದಾಟಿತೋ, ಏಟು ತಪ್ಪಿಸಿಕೊಳ್ಳಲು ಉರುಳಿದರೆ ಅಕ್ಕಿಮೂಟೆ ಕೆಡವಿದ ಹಾಗೆ ಬೀಳುತ್ತೇವೆ. ಮೆಟ್ಟಿಲ ಮೇಲಿಂದ ನೋಡುತ್ತಿದ್ದ ಹೆಂಡತಿ, “ಇಪ್ಪತ್ಮೂರು ಕೆಜಿ ಅಂದ್ರೆ ಇಪ್ಪತ್ತೇಳು ತುಂಬೋರಲ್ವಾ ನೀವು, ಅಲ್ಲೂ ಹಾಗೇ” ಎಂದಳು. ಬೆಂಗಳೂರು ಏರ್‌ಪೋರ್ಟಿನ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಉಪ್ಪಿನಕಾಯಿ ಬಿಡುವುದೋ ಚಟ್ನಿಪುಡಿ ಬಿಡುವುದೋ ಎಂದು ಹಿಂದೆ ನಿಂತ ನೂರು ಜನರೆದುರು ಕುಟುಂಬ ಸಮೇತ ಚರ್ಚಿಸಿದ ಅನುಭವ ಕೊನೆಗೂ ಕೆಲಸಕ್ಕೆ ಬಂತು. ಗುರಾಣಿ ಬಿಟ್ಟೆ. ಗದೆ ಬಿಟ್ಟೆ. ಹಗುರಾಗಿ ಸಾಯತೊಡಗಿದೆ.

ಸತ್ತರೆ ಸಂಪಾದಿಸಿದ ರೂನ್‌ಗಳೆಲ್ಲ ಬಿದ್ದಲ್ಲೇ ಉಳಿಯುತ್ತವೆ. ದುಡ್ಡೂ ಅದೇ, ಮೈಗೆ ಬಲ ಬರುವುದೂ ಅದರಿಂದಲೇ. ಮತ್ತೆ ಅಲ್ಲಿಯವರೆಗೆ ಹೋಗಿ ಎತ್ತಿಕೊಳ್ಳಬೇಕು. ಹೋಗುವ ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಹಳೆಯದು ಶಾಶ್ವತವಾಗಿ ಹೋಯಿತು. ಹಿಮದಲ್ಲಿ ಬಿದ್ದ ಬಲಗೈಯ ಗ್ಲೌಸ್ ಹುಡುಕಲು ಹೋಗಿ ಎಡಗೈದನ್ನೂ ಕಳೆದುಕೊಂಡು ಬಂದ ಪ್ರತಿಯೊಬ್ಬ ಕೆನಡಾ ಕನ್ನಡಿಗನಿಗೂ ಈ ನಿಯಮ ಹೇಳಿಕೊಡಬೇಕಾಗಿಲ್ಲ.

ಸಂಸಾರಕ್ಕೆ ನಿಜವಾದ ಕಂಟಕ ಇನ್ನೊಂದಿತ್ತು. ಈ ಆಟಕ್ಕೆ ಪಾಝ್ ಇಲ್ಲ. ಬಾಗಿಲು ಬಡಿದರೂ, ಬಾಸ್ ಫೋನು ಮಾಡಿದರೂ, ಹಾಲು ಉಕ್ಕಿದರೂ ನಿಲ್ಲುವುದಿಲ್ಲ.

“ರೀ, ಸಾರು ಆರ್ತಾ ಇದೆ.”

“ನಿಲ್ಸೋಕಾಗಲ್ಲ ಕಣೇ.”

“ಬಟನ್ ಒತ್ತಿ.”

“ಬಟನ್ನೇ ಇಲ್ಲ.”

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಹೇಳಿದ ಸುಳ್ಳುಗಳನ್ನೆಲ್ಲ ಅವಳು ನಂಬಿದ್ದಾಳೆ. ಹೇಳಿದ ಒಂದೇ ಸತ್ಯವನ್ನು ನಂಬಲಿಲ್ಲ. ಆಮೇಲೆ ಆ ಸತ್ಯವೂ ಕೆಟ್ಟಿತು. ಮೆನುವಿನ ಒಳಗಿನ ಸಹಾಯದಲ್ಲಿ ‘ಮೆನು ವಿವರಣೆ’ ಎಂಬ, ಯಾರೂ ಓದದ ಒಂದು ಮೂಲೆಯಿದೆ. ಅದನ್ನು ತೆರೆದರೆ ಆಟ ಗಪ್ಪನೆ ನಿಲ್ಲುತ್ತದೆ. ಮಗ ಗುಟ್ಟಾಗಿ ತೋರಿಸಿದ್ದ. ನಾನು ಗುಟ್ಟಾಗಿಯೇ ಇಟ್ಟುಕೊಂಡಿದ್ದೆ. ಒಂದು ರಾತ್ರಿ ಬಾತ್‌ರೂಮಿನಿಂದ ಬರುವಷ್ಟರಲ್ಲಿ ಅವಳು ನಿಂತುಹೋದ ಪರದೆಯೆದುರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಎರಡು ವಾರ ಪಾತ್ರೆ ತೊಳೆದೆ.

ಮಾರ್ಗಿಟ್ ಎಂಬ ವೈರಿಯ ವಿಷಯಕ್ಕೆ ಬರಬೇಕು. ಅದಕ್ಕೆ ಮೊದಲು ಆಮೆಯದೊಂದು ಹೇಳಿಬಿಡುತ್ತೇನೆ. ಬೇರೆ ಆಟಗಾರರು ನೆಲದ ಮೇಲೆ ಚೀಟಿ ಬರೆದಿಟ್ಟು ಹೋಗಬಹುದು, ಆದರೆ ಆಟ ಕೊಟ್ಟ ಪದಗಳಲ್ಲೇ. ಅಲ್ಲೊಂದು ಆಮೆ ಕಂಡರೆ ಸಾಕು, ಪಕ್ಕದಲ್ಲಿ ಚೀಟಿ: ‘ನಾಯಿ’. ಮುಂದಿನ ಆಮೆ, ಅಲ್ಲೂ ‘ನಾಯಿ’. ಜಗತ್ತಿನಾದ್ಯಂತ ಆಟಗಾರರೆಲ್ಲ ಒಮ್ಮತದಿಂದ ನಡೆಸಿಕೊಂಡು ಬಂದ ತಮಾಷೆ ಇದು. ಕೇಳಿ ಅಮ್ಮ ಗಂಭೀರಳಾದಳು. “ಪಂಚತಂತ್ರದಲ್ಲಿ ಬ್ರಾಹ್ಮಣ ಹೊತ್ಕೊಂಡು ಹೋಗ್ತಿದ್ದ ಆಡನ್ನ ಮೂರು ಜನ ನಾಯಿ ಅಂದ್ರು. ಮುಂದೆ ಹುಷಾರಿ, ಕಳ್ಳರಿರ್ತಾರೆ.” ಇದ್ದರು.

ಮಾರ್ಗಿಟ್ ಇರುವುದು ಕೋಟೆಯ ಸೇತುವೆಯ ಮೇಲೆ. ತಲೆಯಲ್ಲಿ ಕೊಂಬು, ಹಿಂದೊಂದು ಬಾಲ, ಹರಿದ ಹೊದಿಕೆ, ಕೈಯಲ್ಲಿ ಸೊಟ್ಟ ದೊಣ್ಣೆ. ಮೇಲಿಂದ ಹಾರಿ ಬಂದು, ನಿಂತು, ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತಾನೆ. ಅಮ್ಮ ಹತ್ತಿ ಬದಿಗಿಟ್ಟು ನೆಟ್ಟಗೆ ಕೂತಳು. “ಬಣ್ಣದ ವೇಷ ಬಂತು. ಚಂಡೆ ಎಲ್ಲಿ?” ಸಂಗೀತ ಶುರುವಾಯಿತು. ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು.

ಇವನ ದ್ರೋಹ ಏನೆಂದರೆ ದೊಣ್ಣೆ ಎತ್ತುತ್ತಾನೆ, ಹೊಡೆಯುವುದಿಲ್ಲ. ಎತ್ತಿ ಹಿಡಿದುಕೊಂಡು ನಿಲ್ಲುತ್ತಾನೆ. ನಾವು ಹೆದರಿ ಉರುಳುತ್ತೇವೆ; ಉರುಳುವ ಆ ಅರೆಗಳಿಗೆಯಲ್ಲಿ ಯಾವ ಏಟೂ ತಾಗುವುದಿಲ್ಲ, ಅದು ಈ ಆಟದ ಧರ್ಮ. ಉರುಳಿ ಮುಗಿದು ತಲೆ ಎತ್ತುತ್ತೇವೆ ನೋಡಿ, ಆಗ ದೊಣ್ಣೆ ಇಳಿಯುತ್ತದೆ. ಇಪ್ಪತ್ತು ಬತ್ತಿ ಹೀಗೇ ಹೋಯಿತು. “ಪ್ಯಾನಿಕ್ ರೋಲ್ ಮಾಡ್ಬೇಡಿ ಅಪ್ಪ” ಎಂದು ಮಗ ಬೊಬ್ಬೆ ಹೊಡೆದ. ಪ್ಯಾನಿಕ್ ಆಗಬೇಡ ಎಂದು ಬೊಬ್ಬೆ ಹೊಡೆದರೆ ಇನ್ನೇನಾಗುತ್ತದೆ?

ಮೂವತ್ತನೆಯ ಬತ್ತಿಯ ಹತ್ತಿರ ಅಮ್ಮ ಬಾಯಿ ಬಿಟ್ಟಳು. “ಇವನು ನಮ್ಮ ಗಣಿತದ ಮೇಷ್ಟ್ರ ಹಾಗೆ ಕಣೋ. ಬೆತ್ತ ಎತ್ತಿ ಸುಮ್ನೆ ನಿಲ್ತಿದ್ರು. ಕೈ ಎಳ್ಕೊಂಡ್ಯೋ, ಇನ್ನೆರಡು. ಬೆತ್ತ ನೋಡಬಾರದು ಮಾರಾಯ, ಭುಜ ನೋಡ್ಬೇಕು. ಬೆತ್ತ ಸುಳ್ಳು ಹೇಳ್ತದೆ, ಭುಜ ಹೇಳೂದಿಲ್ಲ.”

ಭುಜ ನೋಡಿದೆ. ಹಿಂದಕ್ಕೆ ಓಡದೆ ಅವನ ಕಂಕುಳ ಕಡೆಗೇ ಉರುಳಿದೆ. ನಲವತ್ತೇಳನೆಯ ಬತ್ತಿಗೆ ಮಾರ್ಗಿಟ್ ಬಿದ್ದ. ಮಗ ನನ್ನನ್ನು ಅಪ್ಪಿಕೊಂಡ. ಕೊನೆಯ ಸಲ ಅಪ್ಪಿಕೊಂಡದ್ದು ನಾಲ್ಕನೆಯ ಕ್ಲಾಸಿನಲ್ಲಿ, ಜ್ವರ ಬಂದಾಗ. ಮೇಲಿನಿಂದ ಹೆಂಡತಿ “ಏನ್ ಬಿತ್ತು ಕೆಳಗೆ?” ಎಂದು ಕೂಗಿದಳು.

ಸತ್ತವನ ಬಗ್ಗೆ ಮಗ ಅಜ್ಜಿಗೆ ವರದಿ ಕೊಟ್ಟ. ಮಾರ್ಗಿಟ್ ಎಂಬುದು ಸುಳ್ಳು ಹೆಸರಂತೆ. ಅವನು ರಾಣಿಯ ಮೊದಲ ಸಂಸಾರದ ಮಗ. ಕೊಂಬಿದೆ ಎಂದು ಹುಟ್ಟಿದಾಗಲೇ ರಾಜಧಾನಿಯ ಕೆಳಗಿನ ಚರಂಡಿಯಲ್ಲಿ ಕೂಡಿಹಾಕಿದ್ದರು. ಉಳಿದ ಮಕ್ಕಳೆಲ್ಲ ಚೂರು ಹಿಡಿದು ದಿಕ್ಕಾಪಾಲಾದ ಮೇಲೂ ಆ ಊರು, ಆ ಮರ ಕಾಯುತ್ತಾ ಉಳಿದವನು ಅವನೊಬ್ಬನೇ.

“ಎಲ್ಲಾ ಮನೆಯಲ್ಲೂ ಹಾಗೇ” ಎಂದಳು ಅಮ್ಮ, ಬತ್ತಿಯಿಂದ ಕಣ್ಣು ಎತ್ತದೆ. “ಬೇಡ ಅಂದವನೇ ಮನೆ ನೋಡ್ಕೊಳ್ಳೋದು.”

ನಾನು ಕಂಟ್ರೋಲರ್ ಕೆಳಗಿಟ್ಟೆ. ಊರಲ್ಲಿ ತೋಟ ನೋಡಿಕೊಳ್ಳುವ ಅಣ್ಣನಿಗೆ ಫೋನು ಮಾಡಿ ಮೂರು ವಾರವಾಗಿತ್ತು. ಅಲ್ಲಿ ಆಗ ಬೆಳಗಿನ ಏಳು ಗಂಟೆ. ಮಾಡಿದೆ. “ಎಂತ ಮಾರಾಯ, ದುಡ್ಡು ಬೇಕಿತ್ತಾ?” ಎಂದ ಅಣ್ಣ.

ಮುಂದಿನವನು ಕೋಟೆಯೊಳಗಿನ ಗಾಡ್ರಿಕ್. ಬಂಗಾರದ ವಂಶದ ಎಲ್ಲೋ ದೂರದ ಕುಡಿ. ಆದರೆ ತಾನೇ ಯಜಮಾನ ಎಂದು ಕೂಗಾಡುತ್ತಾನೆ. ಪಹಣಿ ಯಾರ ಹೆಸರಲ್ಲಿದೆ ಕೇಳು ಎಂದಳು ಅಮ್ಮ. ಇವನು ಬಲ ಬರಲೆಂದು ಬೇರೆಯವರ ಕೈಕಾಲು ಕಡಿದು ತನ್ನ ಮೈಗೆ ಜೋಡಿಸಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಗ್ರಾಫ್ಟಿಂಗ್. ಮಗನಿಗೆ ಕನ್ನಡ ಪದ ಸಿಗಲಿಲ್ಲ. ನಾನು “ಕಸಿ ಕಟ್ಟೋದು” ಎಂದೆ. ಮನೆ ಹಿತ್ತಲಲ್ಲಿ ಅಪ್ಪೆಮಿಡಿಗೆ ಕಸಿ ಕಟ್ಟಿಸಿದವಳು ಅಮ್ಮ. ಅವನ ಹೆಗಲ ಮೇಲಿನ ಒಣಕಲು ಕೈಗಳನ್ನು ದಿಟ್ಟಿಸಿ ನೋಡಿ, “ಹಿಡೀಲಿಲ್ಲ. ಮಳೆಗಾಲದಲ್ಲಿ ಕಟ್ಟಬೇಕಿತ್ತು” ಎಂದಳು.

ಮಾರ್ಚಿನಲ್ಲಿ ಅಮ್ಮ ಊರಿಗೆ ಹೋದಳು, ಒಂದು ಡಬ್ಬಿ ತುಂಬ ಹೂಬತ್ತಿ ಸಮೇತ. ಸೂಟ್‌ಕೇಸ್ ತೂಕ ಸರಿಯಾಗಿತ್ತು, ಹತ್ತಿ ತಾನೇ. ನನ್ನ ಸಾವುಗಳಿಗೆ ತೂಕವಿಲ್ಲ.

ಈಗ ನಾನು ಮಲೇನಿಯಾಳ ಎದುರು ನಿಂತಿದ್ದೇನೆ. ಅವಳಿಗಳಲ್ಲಿ ಹೆಣ್ಣು. ಕೆಂಪು ಕೂದಲು, ಒಂದು ಕೈ ಕೃತಕ, ಯಾರಿಗೂ ಸೋತವಳಲ್ಲ. ಅವಳು ನಮಗೆ ಹೊಡೆದಷ್ಟೂ ಅವಳ ಆರೋಗ್ಯವೇ ಸುಧಾರಿಸುತ್ತದೆ. ಗಾಳಿಗೆ ನೆಗೆದು ಒಂದು ಕುಣಿತ ಕುಣಿಯುತ್ತಾಳೆ. ಅದರ ಮೂರನೆಯ ಸುತ್ತನ್ನು ನಾನು ಇನ್ನೂ ಜೀವಸಹಿತ ನೋಡಿಲ್ಲ. ಭಾನುವಾರದ ವಾಟ್ಸಾಪ್ ಕರೆಯಲ್ಲಿ ಅಮ್ಮ ಮಳೆ, ಅಡಿಕೆ ರೇಟು, ಅಣ್ಣನ ಮಂಡಿನೋವು ಎಲ್ಲ ಮುಗಿಸಿ ಕೇಳಿದಳು: “ಆ ಹುಡುಗಿ ಪಾಲು ಬಿಟ್ಟುಕೊಟ್ಟಳಾ?”

“ಇಲ್ಲಮ್ಮ. ಅರವತ್ಮೂರು ಸಲ ಆಯ್ತು.”

“ಒಂದು ಕೈ ಯಾಕಿಲ್ಲ ಅವಳಿಗೆ?”

“ಹುಟ್ಟುವಾಗಲೇ ಒಂದು ರೋಗ ಅಜ್ಜಿ” ಎಂದು ಮಗ ಹಿಂದಿನಿಂದ ಕೂಗಿದ. “ಸ್ಕಾರ್ಲೆಟ್ ರಾಟ್. ಮೈಯೆಲ್ಲ ಕೊಳೀತಾ ಹೋಗತ್ತೆ.”

ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ.

“ಕೊಳೆರೋಗ ಅನ್ನು. ಹುಷಾರಿಲ್ಲದ ಹುಡುಗಿ ಮನೆಗೆ ದಿನಾ ರಾತ್ರಿ ಕತ್ತಿ ಹಿಡ್ಕೊಂಡು ಹೋಗ್ತೀಯಲ್ಲ, ನಾಚಿಕೆ ಆಗೂದಿಲ್ವಾ ನಿಂಗೆ? ಬರ್ಕೋ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅವಳಿಗೆ ಹೊಡೀಬೇಡ ಮಾರಾಯ. ಬೋರ್ಡೋ ಹೊಡಿ.”