ತೋಳಿಲ್ಲದ ಅಂಗಿಯ ಅರ್ಜಿದಾರಳು

ಫ್ಯಾಶನ್ ಡಿಸೈನಿನಲ್ಲಿ ಪಿಜಿ ಮಾಡಲು ಹೊರಟವರನ್ನು ಮುಂಬಯಿಯಲ್ಲಿ ಗುರುತಿಸುವುದು ಕಷ್ಟವಲ್ಲ. ಉಳಿದವರು ನಿಮ್ಮ ಮುಖ ನೋಡಿ ಮಾತಾಡಿದರೆ ಇವರು ಕಾಲರ್ ನೋಡಿ ಮಾತಾಡುತ್ತಾರೆ. ನಡುವೆ ಕೈ ಚಾಚಿ ನಿಮ್ಮ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, "ಪಾಲಿಯೆಸ್ಟರ್ ಮಿಕ್ಸ್ ಉಂಟು ಅಂಕಲ್" ಎನ್ನುತ್ತಾರೆ, ಎಕ್ಸ್‌ರೇ ನೋಡಿದ ಡಾಕ್ಟರ ದನಿಯಲ್ಲಿ. ಡೊಂಬಿವಲಿಯಿಂದ ಮೀರಾ ರೋಡ್‌ವರೆಗೆ ನಮ್ಮ ಕನ್ನಡಿಗರಿರುವ ಸೊಸೈಟಿಗಳಲ್ಲೆಲ್ಲ ಈಗ ಇಂಥ ಒಬ್ಬಳಾದರೂ ಸಿಗುತ್ತಾಳೆ. ಮೊದಲು ಆ ಜಾಗದಲ್ಲಿ ಸಿ.ಎ. ಪರೀಕ್ಷೆಗೆ ಕೂತ ಹುಡುಗ ಇರುತ್ತಿದ್ದ. ಅವನಿಂದ ಯಾರ ಬಟ್ಟೆಗೂ ಅಪಾಯವಿರಲಿಲ್ಲ.

ಡೊಂಬಿವಲಿಯ ನಮ್ಮ ಸೊಸೈಟಿಯ ಅರ್ಜಿದಾರಳು ಮೂರನೇ ಮಾಳಿಗೆಯವಳು, ಬಿ.ಕಾಂ. ಮುಗಿಸಿದವಳು. ಬಿ.ಕಾಂ.ಗೂ ಫ್ಯಾಶನ್ನಿಗೂ ಏನು ಸಂಬಂಧ ಎಂದು ಕೇಳುವಂತಿಲ್ಲ. ನಿಫ್ಟ್‌ನ, ಅಂದರೆ ನ್ಯಾಶನಲ್ ಇನ್‌ಸ್ಟಿಟ್ಯೂಟ್ ಆಫ್ ಫ್ಯಾಶನ್ ಟೆಕ್ನಾಲಜಿಯ, ಎಂ.ಡಿಸ್.ಗೆ (ಮಾಸ್ಟರ್ ಆಫ್ ಡಿಸೈನ್) ಯಾವ ವಿಷಯದ ಪದವಿಯಾದರೂ ನಡೆಯುತ್ತದೆ, ವಯಸ್ಸಿನ ಮಿತಿಯೂ ಇಲ್ಲ ಎಂದು ಅವಳು ನಿಯಮಾವಳಿಯನ್ನೇ ಮುಂದಿಡುತ್ತಾಳೆ. ಅವಳ ಅಪ್ಪನ ನಿದ್ದೆ ಕೆಡಿಸುವುದೂ ಈ ವಯಸ್ಸಿನ ಮಿತಿ ಇಲ್ಲದ ವಿಚಾರವೇ. ಮಿತಿ ಇದ್ದಿದ್ದರೆ ಇದು ಎಂದಾದರೂ ಒಂದು ದಿನ ಮುಗಿಯುತ್ತಿತ್ತು.

ಅಪ್ಪ ವಿಜಯಾ ಬ್ಯಾಂಕಿನಲ್ಲಿದ್ದವರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋದದ್ದನ್ನೇ ನುಂಗಿಕೊಂಡ ಮನುಷ್ಯ, ಮಗಳ ಆಸೆಯನ್ನು ನುಂಗಲಾರದೆ ಕೂತಿದ್ದಾರೆ. ಅವರ ಒಲವು ಎಂ.ಎಫ್.ಎಂ. ಕಡೆಗೆ. ಅದೂ ನಿಫ್ಟ್‌ನದೇ, ಮಾಸ್ಟರ್ ಆಫ್ ಫ್ಯಾಶನ್ ಮ್ಯಾನೇಜ್‌ಮೆಂಟ್. "ನೋಡಿ, ಇದರಲ್ಲಿ ಮ್ಯಾನೇಜ್‌ಮೆಂಟ್ ಅಂತ ಉಂಟಲ್ಲ" ಎನ್ನುತ್ತಾರೆ. ಸಂಬಂಧದ ಮಾತುಕತೆಯಲ್ಲಿ ನಡುವಿನ ಶಬ್ದವನ್ನು ಕೆಮ್ಮಿನಲ್ಲಿ ಮುಚ್ಚಿ ಕೊನೆಯದನ್ನು ಗಟ್ಟಿಯಾಗಿ ಹೇಳಬಹುದು ಎಂಬ ಲೆಕ್ಕಾಚಾರ. ಎಂ.ಎಫ್.ಎಂ.ಗೆ ಲೆಕ್ಕ, ಇಂಗ್ಲಿಷು, ಸಾಮಾನ್ಯಜ್ಞಾನದ ಪತ್ರಿಕೆ ಬರೆದು ಸಂದರ್ಶನಕ್ಕೆ ಹೋದರಾಯಿತು, ಎಂ.ಡಿಸ್.ಗಾದರೆ ಅದರ ಮೇಲೆ ಚಿತ್ರ ಬಿಡಿಸಿ ಕಲ್ಪನೆ ತೋರಿಸುವ ಇನ್ನೊಂದು ಪತ್ರಿಕೆ. ಮಗಳಿಗೆ ಆ ಇನ್ನೊಂದೇ ಬೇಕು. ಅದರ ಅಭ್ಯಾಸಕ್ಕೆಂದು ಸೊಸೈಟಿಯ ವಾಚ್‌ಮನ್ನನಿಗೆ ಹೊಸ ಯೂನಿಫಾರ್ಮ್ ಬರೆದುಕೊಟ್ಟಳು. ಅದರಲ್ಲಿ ಕಿಸೆ ಇರಲಿಲ್ಲ. ತಂಬಾಕು ಎಲ್ಲಿಡುವುದು ಎಂದು ಅವನು ವಿನಯದಿಂದಲೇ ಕೇಳಿದ.

ಬೇರೆ ದಾರಿಗಳಿಲ್ಲವೆಂದಲ್ಲ. ಜುಹೂವಿನ ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದಲ್ಲಿ ವಸ್ತ್ರವಿಜ್ಞಾನ ಓದಬಹುದು; ಆದರೆ ವಿಜ್ಞಾನ ಎಂದೊಡನೆ ಅವಳು ಮುಖ ತಿರುಗಿಸುತ್ತಾಳೆ. ಗುಜರಾತಿನ ಗಾಂಧಿನಗರದ ಎನ್‌ಐಡಿಯಲ್ಲಿ ಅಪ್ಯಾರಲ್ ಡಿಸೈನ್ ಇದೆ. ಅಲ್ಲಿ ಮೀನು ಸಿಗುವುದಿಲ್ಲ ಎಂದು ಅಮ್ಮ ಮುಖ ತಿರುಗಿಸುತ್ತಾರೆ. ಲಂಡನ್ನಿನ ಮಾತು ಬಂದಾಗ ಅಪ್ಪ ಎಂಟು ದಿನ ಯಾರೊಡನೆಯೂ ಮಾತಾಡಲಿಲ್ಲ. ಫೀಸು ಹಾಗಿರಲಿ, ವೀಸಾಕ್ಕೆ ಕ್ಷಯವಿಲ್ಲವೆಂಬ ಸರ್ಟಿಫಿಕೇಟು ಬೇಕೆಂದು ತಿಳಿದಾಗ ಅಜ್ಜಿ ಹೇಳಿದ್ದು: "ಅಂಗಿ ಹೊಲಿಯಲಿಕ್ಕೆ ಎದೆಯ ಫೋಟೋ ಎಂತಕ್ಕೆ ಮಾರಾಯ್ತಿ?"

ಲಂಡನ್ನಿನ ಅರ್ಜಿ ಹೋಗಲಿಲ್ಲ. ಅದಕ್ಕೆಂದು ಬರೆದ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಮಾತ್ರ ಉಳಿಯಿತು. ಓದಿ ನೋಡಿ ಎಂದು ನನಗೆ ಕೊಟ್ಟಳು. ಅವಳ ಅಜ್ಜ ಬಟ್ಟೆ ಗಿರಣಿಗಳ ಗಿರಣಗಾಂವಿನಲ್ಲಿ, ಪರೇಲಿನಲ್ಲಿ, ಸಣ್ಣ ಹೋಟೆಲಿಟ್ಟಿದ್ದರು. ಗಿರಣಿಯ ಪಾಳಿ ಬಿಟ್ಟವರಿಗೆ ಉಸಳ್ ಪಾವ್, ಚಹಾ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾದ ಮೇಲೆ ಎಷ್ಟೋ ಗಿರಣಿಗಳೂ ಮತ್ತೆ ತೆರೆಯಲಿಲ್ಲ, ಅಜ್ಜನ ಉದ್ರಿಯೂ ವಸೂಲಾಗಲಿಲ್ಲ. ಆ ಉದ್ರಿ ಪುಸ್ತಕ ಇಂದಿಗೂ ಅವರ ಮನೆಯ ಅಟ್ಟದಲ್ಲಿದೆ. ಮೊಮ್ಮಗಳ ಕೈಯಲ್ಲಿ ಇದು, "ಗಿರಣಗಾಂವಿನ ಜವಳಿ ಪರಂಪರೆಯೊಂದಿಗೆ ನಮ್ಮ ಕುಟುಂಬಕ್ಕೆ ಮೂರು ತಲೆಮಾರಿನ ನಂಟು" ಎಂದಾಗಿತ್ತು. ಸುಳ್ಳೆನ್ನುವಂತಿಲ್ಲ. ಜವಳಿ ನೇಯ್ದವರು ಅಜ್ಜನಿಗೆ ಕೊಡಬೇಕಾದ ಚಹಾದ ದುಡ್ಡು ಬಾಕಿಯಿದೆ, ಅಷ್ಟೇ.

ಮುಂದಿನ ಪ್ಯಾರಾದಲ್ಲಿ ಭಾನು ಅಥೈಯಾ. ಈ ಅರ್ಜಿಗಳಲ್ಲಿ ಆಕೆ ಬಂದೇ ಬರುತ್ತಾರೆ, ಬರಬೇಕಾದದ್ದೂ ಹೌದು. ಕೊಲ್ಹಾಪುರದಿಂದ ಬಂದು ಇಲ್ಲಿಯ ಜೆ.ಜೆ. ಸ್ಕೂಲಿನಲ್ಲಿ ಚಿತ್ರ ಕಲಿತು, 'ಗಾಂಧಿ' ಸಿನಿಮಾದ ಉಡುಪಿಗೆ 1983ರಲ್ಲಿ ಆಸ್ಕರ್ ತಂದವರು; ಭಾರತಕ್ಕೆ ಅದೇ ಮೊದಲ ಆಸ್ಕರ್. "ಭಾನು ಅಥೈಯಾ ನನ್ನ ಸ್ಫೂರ್ತಿ" ಎಂದು ಅವಳು ಹೇಳಿದಾಗ ಎದುರು ಮನೆಯ ಬಾಯಿ, "ಯಾವ ಬಿಲ್ಡಿಂಗಿನವರು?" ಎಂದು ಕೇಳಿದರು.

ಸಂದರ್ಶನಕ್ಕೆ ಒಯ್ಯುವ ಪೋರ್ಟ್‌ಫೋಲಿಯೋಗೆ ಬೇರು ಬೇಕಂತೆ. ಆವರೆಗೆ ಸೀರೆ ಎಂದರೆ ಓಡುತ್ತಿದ್ದವಳು ಒಂದು ಮಧ್ಯಾಹ್ನ ಅಜ್ಜಿಯ ಮುಂದೆ ಕೂತು ಉಡುಪಿ ಸೀರೆ ಎಲ್ಲಿದೆ ಎಂದು ಕೇಳಿದಳು. ಕೈಮಗ್ಗದ ಆ ನೂಲಿನ ಸೀರೆಗಳನ್ನು ಅಜ್ಜಿ ಮನೆಯಲ್ಲಿ ದಿನವೂ ಉಟ್ಟವರು. ಹರಿದ ಮೇಲೆ ಅವುಗಳಿಗೆ ಒಂದೇ ಗತಿ. ಅಡುಗೆಮನೆಯ ಮೂಲೆಯತ್ತ ಬೆರಳು ತೋರಿಸಿದರು. ಬಕೆಟ್ಟಿನ ಅಂಚಿನಲ್ಲಿ ನೆಲ ಒರಸುವ ಬಟ್ಟೆ ನೇತಾಡುತ್ತಿತ್ತು. ಒಗೆದು ಒಗೆದು ಬಣ್ಣ ಬಿಟ್ಟಿದ್ದರೂ ಕೆಂಪು ಅಂಚು ಹಾಗೇ ಇತ್ತು. ಹುಡುಗಿ ಅದನ್ನು ಎರಡು ಸಲ ಒಗೆದು, ಇಸ್ತ್ರಿ ಹಾಕಿ, ಫೋಟೋ ತೆಗೆದು "ಕುಟುಂಬದ ಸಂಗ್ರಹದಿಂದ" ಎಂದು ಅಡಿಬರಹ ಕೊಟ್ಟಳು. ಅಂದಿನಿಂದ ನೆಲ ಒರಸಲು ಅಪ್ಪನ ಬನಿಯನ್ನು.

ಬಟ್ಟೆ ಸಿಕ್ಕಿತು, ತೊಡಿಸಲು ಮೈ ಬೇಕಲ್ಲ? ಕ್ರಾಫರ್ಡ್ ಮಾರ್ಕೆಟ್ಟಿನ ಕಡೆಯಿಂದ ತಲೆಯಿಲ್ಲದ ಗೊಂಬೆಯೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಸಿಎಸ್‌ಎಂಟಿಯಿಂದ ಕಲ್ಯಾಣ್ ಲೋಕಲಿನ ಲೇಡೀಸ್ ಡಬ್ಬಿಗೆ ಹತ್ತಿಸಿದಳು. ದಾದರಿನಲ್ಲಿ ಹತ್ತಿದವರು ಗೊಂಬೆಯ ಭುಜ ತಟ್ಟಿ ಸ್ವಲ್ಪ ಸರಿಯಿರಿ ಎಂದರಂತೆ. ಕುರ್ಲಾದಲ್ಲಿ ಒಬ್ಬಾಕೆ, ಇವಳು ಎಲ್ಲಿ ಇಳಿಯುತ್ತಾಳೆ, ಆ ಸೀಟು ನನಗೆ ಎಂದು ಬುಕ್ ಮಾಡಿಟ್ಟರಂತೆ. ಠಾಣೆ ದಾಟುವಾಗ ಗೊಂಬೆಯ ಕುತ್ತಿಗೆಯ ಮೇಲೆ ಯಾರದೋ ಮೆಂತ್ಯೆ ಸೊಪ್ಪಿನ ಚೀಲ.

ಇಷ್ಟೆಲ್ಲ ಆದರೂ ಹೊಲಿಗೆ ಬರುತ್ತದೆಯೇ ಎಂದು ಕೇಳಬೇಡಿ. ಅದಕ್ಕೆ ಗಲ್ಲಿಯ ಬಾಯಲ್ಲಿ ಮಾಸ್ಟರ್ ಇದ್ದಾರೆ. ಬ್ಲೌಸು, ಸ್ಕೂಲ್ ಯೂನಿಫಾರ್ಮು, ಪ್ಯಾಂಟಿನ ಸೊಂಟ ಬಿಡಿಸುವುದು ಅವರ ಕಸುಬು. ಅವಳ ಸ್ಕೆಚ್ಚನ್ನು ಕನ್ನಡಕದ ಕೆಳಗಿಂದ, ಮೇಲಿಂದ, ಕೊನೆಗೆ ತಲೆಕೆಳಗೆ ಮಾಡಿ ನೋಡಿದರು.

"ತೋಳು ಎಲ್ಲಿ ಮಗಳೇ?"

"ತೋಳಿಲ್ಲ ಚಾಚಾ. ಇದು ನಗರದಲ್ಲಿ ಬಂದಿಯಾದ ಹೆಣ್ಣು."

"ಆಯಿತು. ಚೈನು?"

"ಚೈನು ಬೇಡ. ಕಾನ್ಸೆಪ್ಟ್ ಹಾಳಾಗುತ್ತದೆ."

ಮಾಸ್ಟರ್ ಸುಣ್ಣದ ಕಡ್ಡಿ ಕಿವಿಗೆ ಸಿಕ್ಕಿಸಿಕೊಂಡು, "ಒಳಗೆ ಹೋದವಳು ಹೊರಗೆ ಬರಬೇಕೋ ಬೇಡವೋ?" ಎಂದರು.

ಉತ್ತರ ಬರಲಿಲ್ಲ. ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ಗೊಂಬೆಗೆ ಹಾಕಿ ನೋಡಿದರು, ಎಡ ಭುಜವನ್ನು ಅರ್ಧ ಇಂಚು ಇಳಿಸಿದರು. ಆಮೇಲೆ ಹಿಂದಮಾತಾದಿಂದ ತಂದ ಬಟ್ಟೆಯಲ್ಲಿ ಅಂಗಿ ಎದ್ದು ನಿಂತಿತು. ಎದೆಯ ಮೇಲೆ ಅಜ್ಜಿಯ ನೆಲವರಸಿನ ಕೆಂಪು ಅಂಚು. ಯಾರನ್ನೂ ಕೇಳದೆ ಪಕ್ಕದ ಹೊಲಿಗೆಯೊಳಗೆ ಒಂದು ಚೈನು ಕೂರಿಸಿಬಿಟ್ಟಿದ್ದರು, ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಕಾಣದು. ಹುಡುಗಿ ಎರಡು ದಿನ ಮುನಿಸಿಕೊಂಡಳು.

ನಿಫ್ಟ್‌ನ ಜೊತೆಗೇ ಅರ್ಜಿ ಹಾಕಿದ್ದ ಖಾಸಗಿ ಕಾಲೇಜೊಂದರ ಸಂದರ್ಶನದಲ್ಲಿ ಮೂವರು ಕೂತಿದ್ದರಂತೆ. ಗಿರಣಗಾಂವಿನ ಪುಟ ತಿರುವಿದರು, ಏನೂ ಕೇಳಲಿಲ್ಲ. ಬಂದಿ ಹೆಣ್ಣಿನ ವಿವರಣೆಗೆ ಒಬ್ಬರು ಗಡಿಯಾರ ನೋಡಿಕೊಂಡರು. ಆಮೇಲೆ ಹಿರಿಯ ಮೇಡಂ ಅಂಗಿಯನ್ನು ಒಳಮೈ ಹೊರಗಾಗಿಸಿ, ಹೊಲಿಗೆಯ ಉದ್ದಕ್ಕೂ ಉಗುರು ಎಳೆದು, ಚೈನನ್ನು ಮೇಲೆ ಕೆಳಗೆ ಆಡಿಸಿ, "ಇದು ಬಹಳ ಚೆನ್ನಾಗಿ ಬಂದಿದೆ. ಯಾರು ಮಾಡಿದ್ದು?" ಎಂದರು. ಹುಡುಗಿ ಮಾಸ್ಟರ ಹೆಸರು ಹೇಳಿದಳು. ಅಂಗಡಿಯ ನಂಬರನ್ನೂ ಬರೆಸಿಕೊಂಡರಂತೆ. ಈ ಹುಡುಗಿಗೆ ಸೀಟು ಕೊಡಬಹುದೆಂದು ನನಗೆ ಮೊದಲ ಬಾರಿ ಅನಿಸಿದ್ದು ಆಗ. ಆ ಮೇಜಿನ ಮುಂದೆ ಕೂತು ತಾನೇ ಹೊಲಿದೆನೆನ್ನುವುದು ಎಷ್ಟು ಸುಲಭವಿತ್ತು!

ಆ ಸೀಟು ಸಿಕ್ಕಿತು. ಫೀಸಿನ ಪಟ್ಟಿ ನೋಡಿ ಅಪ್ಪ ಬಿಟ್ಟರು. ಈಗ ನಿಫ್ಟ್‌ನ ಫಲಿತಾಂಶಕ್ಕೆ ಕಾಯುತ್ತಿದ್ದಾರೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಮಾಟುಂಗಾಕ್ಕೆ ಹೋದರೆ ಭಾಷಣ ಮುಗಿಯುವ ಮೊದಲೇ ಪಕ್ಕದವರ ಕಿವಿಯಲ್ಲಿ, "ನಿಫ್ಟ್‌ನಲ್ಲಿ ನಮ್ಮವರು ಯಾರಾದರೂ ಇದ್ದಾರಾ?" ಎನ್ನುತ್ತಾರೆ. ಹೋಟೆಲಿನವರು ಸಿಕ್ಕಿದ್ದಾರೆ, ವಕೀಲರು ಸಿಕ್ಕಿದ್ದಾರೆ, ದರ್ಜಿಗಳ ದೇವರು ಮಾತ್ರ ಇನ್ನೂ ಸಿಕ್ಕಿಲ್ಲ.

ಇಷ್ಟು ಬರೆದದ್ದು ಅವರ ಪರವಾಗಿ ಒಂದು ಕೋರಿಕೆಗಾಗಿ. ನಿಫ್ಟ್‌ನ ಮುಂಬಯಿ ಕ್ಯಾಂಪಸ್ ಇರುವುದು ಖಾರ್ಘರಿನಲ್ಲಿ. ಡೊಂಬಿವಲಿಯಿಂದ ಠಾಣೆಗೆ ಬಂದು ಪನ್ವೇಲ್ ಗಾಡಿ ಹಿಡಿದು ದಿನವೂ ಹೋಗಿ ಬರುವುದು ಹುಡುಗಿಗೆ ಸಾಧ್ಯ, ಗೊಂಬೆಗೆ ಸಾಧ್ಯವಿಲ್ಲ. ಖಾರ್ಘರ್, ಬೇಲಾಪುರ್ ಕಡೆ ಮನೆಯಿರುವ ಕನ್ನಡಿಗರು ಯಾರಾದರೂ ಎರಡು ವರ್ಷಕ್ಕೆ ಒಂದು ಕೋಣೆ ಕೊಡುವಿರಾದರೆ ದಯವಿಟ್ಟು ತಿಳಿಸಿ. ಹುಡುಗಿ ಒಳ್ಳೆಯವಳು. ಮನೆಯ ಒರಸುವ ಬಟ್ಟೆಗಳನ್ನು ಮಾತ್ರ ಎಣಿಸಿ ಇಟ್ಟುಕೊಳ್ಳಿ.