ಆರ್ಕಿಡ್ಡಿನ ಬಾಣಂತನ

ದೊಡ್ಡಬಳ್ಳಾಪುರದ ಸುತ್ತಮುತ್ತ ಗಿಡ ಸಾಯಿಸುವುದು ಅಷ್ಟು ಸುಲಭವಲ್ಲ. ಈ ಕೆಂಪು ಮಣ್ಣಿಗೆ ರಾಗಿ ಚೆಲ್ಲಿದರೆ ರಾಗಿ, ಹುರುಳಿ ಚೆಲ್ಲಿದರೆ ಹುರುಳಿ. ಬುಡಕ್ಕೆ ಕಡಿದ ನೀಲಗಿರಿ ಮತ್ತೆ ಚಿಗುರಿ ನಿಲ್ಲುತ್ತದೆ. ಸಾವಿರ ಅಡಿ ಕೊರೆದು ನೀರು ತೆಗೆದು ದ್ರಾಕ್ಷಿ ಬೆಳೆಯುವವರಿದ್ದಾರೆ, ಪಾಲಿಹೌಸ್ ಕಟ್ಟಿ ಗುಲಾಬಿ, ಜರ್ಬೆರಾ ಬೆಳೆದು ವಿಮಾನ ಹತ್ತಿಸುವವರಿದ್ದಾರೆ. ಪಕ್ಕದ ದೇವನಹಳ್ಳಿಯ ಚಕ್ಕೋತಕ್ಕಂತೂ ಭೌಗೋಳಿಕ ಸೂಚಿಕೆಯ ಮಾನ್ಯತೆಯೇ ಇದೆ. ಇಂಥ ಸೀಮೆಯಲ್ಲಿದ್ದುಕೊಂಡು, ಅದೂ ಸರ್ವೀಸಿನುದ್ದಕ್ಕೂ ಹೈಸ್ಕೂಲು ಮಕ್ಕಳಿಗೆ ‘ಬೇರಿನ ಕಾರ್ಯಗಳು’ ಅಂತ ನೋಟ್ಸ್ ಬರೆಸಿದ ವಿಜ್ಞಾನದ ಮೇಷ್ಟ್ರಾಗಿದ್ದುಕೊಂಡು, ಒಂದು ಗಿಡದ ಬೇರನ್ನೆಲ್ಲ ಕೊಳೆಸಬೇಕಾದರೆ ವಿಶೇಷ ಪ್ರತಿಭೆ ಬೇಕು. ಅದು ನನ್ನಲ್ಲಿದೆಯೆಂದು ರಿಟೈರಾದ ಮೇಲೆ ಗೊತ್ತಾಯಿತು.

ಗಿಡ ಕಳಿಸಿದವಳು ಪುಣೆಯಲ್ಲಿರುವ ಮಗಳು. ‘ಅಪ್ಪಾ, ಆರ್ಕಿಡ್ ಬುಕ್ ಮಾಡಿದೀನಿ, ಕಾಲಿಂಪಾಂಗ್‌ನಿಂದ ಬರತ್ತೆ. ಸುಮ್ನೆ ಕಿಟಕಿ ಹತ್ರ ಇಡು, ಏನೂ ಮಾಡ್ಬೇಡ’ ಎಂದಳು. ಆ ಕೊನೆಯ ಎರಡು ಪದ ನನ್ನ ಕಿವಿಗೆ ಬೀಳಲಿಲ್ಲ.

ಗಿಡ ಹಿಮಾಲಯದ ಬುಡದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಒಂದೇ ದಿನದಲ್ಲಿ ಬಂದಿಳಿಯಿತು. ಅಲ್ಲಿಂದ ನಮ್ಮ ಮನೆಗೆ ಸುಮಾರು 20 ಕಿ.ಮೀ. ನಾನು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತೆ. ಮೊಬೈಲು ನೋಡಿದರೆ ಪಾರ್ಸೆಲ್ಲು ಹೊಸಕೋಟೆಯ ಗೋಡೌನಿನಲ್ಲಿದೆ. ಮರುದಿನವೂ ಹೊಸಕೋಟೆ. ಆಮೇಲೆ ನೆಲಮಂಗಲದ ಗೋಡೌನು. ಅಲ್ಲಿ ಭಾನುವಾರ ಕಳೆದು ಕಡೆಗೆ ದೊಡ್ಡಬಳ್ಳಾಪುರ. ನಮ್ಮ ಜಿಲ್ಲೆಗೆ ಇರುವುದೇ ನಾಲ್ಕು ತಾಲ್ಲೂಕು. ನಾನು ಇಲ್ಲೇ ಹುಟ್ಟಿ ಬೆಳೆದವನಾದರೂ ನಾಲ್ಕನ್ನೂ ಒಂದೇ ಏಟಿಗೆ ಸುತ್ತಿದವನಲ್ಲ. ಗಿಡ ಸುತ್ತಿತು, ಅದೂ ಮೇ ತಿಂಗಳಲ್ಲಿ, ಕತ್ತಲೆ ಡಬ್ಬಿಯಲ್ಲಿ ತಲೆಕೆಳಗಾಗಿ.

ಈ ಜಾತಿಗೆ ಫಲನಾಪ್ಸಿಸ್ ಎನ್ನುತ್ತಾರೆ. ಹೂ ಪತಂಗದ ಹಾಗೆ ಕಾಣುತ್ತದೆಂದು ಬ್ಲೂಮೆ ಎಂಬ ಸಸ್ಯಶಾಸ್ತ್ರಜ್ಞರು 1825ರಲ್ಲಿ ಇಟ್ಟ ಹೆಸರಂತೆ. ನನ್ನ ಪಾರ್ಸೆಲ್ಲನ್ನು ಬಿಚ್ಚಿ ನೋಡಿದ್ದರೆ ಅವರು ಬೇರೇನೋ ಹೆಸರಿಡುತ್ತಿದ್ದರು. ಎಲೆಗಳು ಜೋತುಬಿದ್ದಿದ್ದವು, ಹೂಗಳು ಡಬ್ಬಿಯ ತಳದಲ್ಲಿದ್ದವು, ಕಡ್ಡಿಯ ತುದಿಯಲ್ಲಿ ಎರಡು ಮೊಗ್ಗು ಮಾತ್ರ ಹಟ ಹಿಡಿದು ಉಳಿದಿದ್ದವು.

ಅಮ್ಮ ನೋಡಿದವರೇ ‘ಅಯ್ಯೋ, ಹಸಿ ಬಾಣ್ತಿ ಇದ್ದಂಗಿದೆ ಕಣೋ, ಗಾಳಿಗೆ ಇಡಬೇಡ’ ಎಂದರು. ಅಲ್ಲಿಗೆ ಚಿಕಿತ್ಸಾ ಪದ್ಧತಿ ಯಾವುದೆಂದು ತೀರ್ಮಾನವಾಯಿತು. ಗಿಡವನ್ನು ನಡುಮನೆಯ ಪಕ್ಕದ ಕೋಣೆಗೆ ಸೇರಿಸಿ ಕಿಟಕಿ ಹಾಕಿದೆ. ಸಂಜೆ ಅಮ್ಮ ಅದಕ್ಕೂ ಸಾಂಬ್ರಾಣಿ ಹೊಗೆ ಹಿಡಿದರು. ಆ ಕೋಣೆಯಲ್ಲೇ ರಸಪುರಿ ಮಾವಿನಕಾಯಿ ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ್ದೆವು. ಹಣ್ಣಾಗುವ ಮಾವು ಎಥಿಲೀನ್ ಅನಿಲ ಬಿಡುತ್ತದೆ, ಹೊಗೆಯಲ್ಲೂ ಅದೇ ಅನಿಲವಿರುತ್ತದೆ, ಆ ಅನಿಲ ಸೋಕಿದರೆ ಆರ್ಕಿಡ್ಡಿನ ಮೊಗ್ಗು ಹಳದಿಯಾಗಿ ಉದುರುತ್ತದೆ. ಇದನ್ನು ಯಾವುದೋ ಪುಸ್ತಕದಲ್ಲಿ ಓದಿ ತಿಳಿದೆನೆಂದುಕೊಳ್ಳಬೇಡಿ. ಎಥಿಲೀನ್ ಹಣ್ಣು ಮಾಗಿಸುತ್ತದೆಂದು ವರ್ಷವರ್ಷವೂ ಪಾಠ ಹೇಳಿದವನು ನಾನೇ. ಎರಡು ದಿನದಲ್ಲಿ ಮೊಗ್ಗು ಹೋದವು. ಮಾವಿನಹಣ್ಣು ಮಾತ್ರ ಬಹಳ ಚೆನ್ನಾಗಿದ್ದವು.

ಗಿಡಕ್ಕೆ ನೆಲೆ ಇಲ್ಲದ್ದರಿಂದ ಹೀಗಾಗಿದೆ ಎಂದುಕೊಂಡೆ. ಕೆಮ್ಮಣ್ಣು ಜರಡಿ ಹಿಡಿದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಷೋಕೇಸಿನಲ್ಲಿದ್ದ ಪಿಂಗಾಣಿ ಕುಂಡಕ್ಕೆ ತುಂಬಿ ನೆಟ್ಟೆ. ಕುಂಡಕ್ಕೆ ತೂತು ಇರಲಿಲ್ಲ. ‘ತೂತು ಯಾಕೆ, ನೀರು ಸೋರಿ ನೆಲ ಗಲೀಜಾಗೋದು ತಪ್ಪಿತು’ ಎಂದು ಅದನ್ನೂ ಲಾಭದ ಲೆಕ್ಕಕ್ಕೆ ಸೇರಿಸಿದೆ. ಬುಡದಿಂದ ಆಚೀಚೆ ಚಾಚಿಕೊಂಡಿದ್ದ ಬೆಳ್ಳನೆಯ ದಪ್ಪ ಬೇರುಗಳು ಒಣಗಿಹೋದಂತೆ ಕಂಡವು. ಕತ್ತರಿ ತೆಗೆದುಕೊಂಡು ಎಲ್ಲವನ್ನೂ ಒಪ್ಪವಾಗಿ ಕತ್ತರಿಸಿದೆ.

ಆ ಗಿಡದಲ್ಲಿ ಜೀವವಿದ್ದದ್ದು ಅವುಗಳಲ್ಲಿ ಮಾತ್ರ. ಆರ್ಕಿಡ್ಡಿನ ಬೇರಿಗೆ ವೆಲಾಮೆನ್ ಎಂಬ ಸ್ಪಂಜಿನಂಥ ಬಿಳಿ ಹೊದಿಕೆ ಇರುತ್ತದೆ. ಮರದ ತೊಗಟೆ ಹಿಡಿದು ಕೂತು, ಮಳೆ ಹೊಯ್ದಾಗ ಗಟಗಟನೆ ಹೀರಿ ಹಸಿರಾಗುತ್ತದೆ. ಗಾಳಿಗೆ ಒಣಗಿ ಮತ್ತೆ ಬೆಳ್ಳಗಾಗುತ್ತದೆ. ನೀರಿನಷ್ಟೇ ಗಾಳಿಯೂ ಬೇಕು. ಒದ್ದೆ ಮಣ್ಣಿನಲ್ಲಿ ಹೂತರೆ ಉಸಿರುಕಟ್ಟಿ ಕೊಳೆಯುತ್ತದೆ. ‘ಎಪಿಫೈಟ್‌ಗೆ ಒಂದು ಉದಾಹರಣೆ ಕೊಡಿ’ ಎಂಬ ಪ್ರಶ್ನೆಗೆ ‘ವಾಂಡಾ ಎಂಬ ಆರ್ಕಿಡ್’ ಅಂತ ಬರೆಯದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವರೆಲ್ಲ ಈಗ ಎಲ್ಲೆಲ್ಲಿದ್ದಾರೋ, ಅವರಿಗೆ ನನ್ನ ನಮಸ್ಕಾರ.

ಬೇರು ಕೊಳೆತ ಗಿಡಕ್ಕೆ ನೀರು ಕುಡಿಯಲು ಬಾಯೇ ಇರುವುದಿಲ್ಲ. ಹಾಗಾಗಿ ಅದರ ಎಲೆ, ನೀರಿಲ್ಲದೆ ಬಾಡಿದ ಗಿಡದ ಎಲೆಯಂತೆಯೇ ಸುಕ್ಕಾಗುತ್ತದೆ. ನನಗೆ ಕಂಡದ್ದು ಸುಕ್ಕು. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಹಾಕಿದೆ. ಇನ್ನೂ ಸುಕ್ಕಾಯಿತು. ಮಧ್ಯಾಹ್ನಕ್ಕೂ ಒಂದು ಚೊಂಬು ಸೇರಿಸಿದೆ.

ಹಾಲು ಹಾಕಲು ಬರುವ ತಾತ ಒಂದು ದಿನ ಜಗಲಿಯಲ್ಲಿ ಕುಂಡ ನೋಡಿ ನಕ್ಕ. ‘ಮೇಷ್ಟ್ರೇ, ಇದು ಬದನಿಕೆ ಜಾತಿದು. ಮರದ ಮ್ಯಾಲೆ ಇರೋದ್ನ ತಂದು ಯಾರಾನಾ ಮಣ್ಣಾಗೆ ಹೂಳ್ತಾರಾ?’ ನಾನು ಸುಮ್ಮನಿರಬಹುದಿತ್ತು. ‘ಇಲ್ಲಪ್ಪಾ, ಬದನಿಕೆ ಪರಾವಲಂಬಿ, ಮರದ ರಸ ಹೀರುತ್ತೆ. ಇದು ಮರದ ಮೇಲೆ ಸುಮ್ಮನೆ ಕೂತಿರುತ್ತೆ ಅಷ್ಟೆ, ಒಂದು ತೊಟ್ಟೂ ಕದಿಯಲ್ಲ’ ಎಂದು ತಿದ್ದಿದೆ. ತಾತ ಕುಂಡವನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ‘ಮತ್ತೆ ಮಣ್ಣಾಗೆ ಯಾಕಿಟ್ರಿ?’ ಎಂದು ಕ್ಯಾನು ಎತ್ತಿಕೊಂಡು ಹೋದ. ಜಾತಿ ತಪ್ಪಿದ್ದರೂ ರೋಗ ಹಿಡಿದದ್ದು ಅವನೇ.

ಒಳಗಿನಿಂದ ಮನೆಯವಳು ಕೇಳಿಸಿಕೊಂಡಳು. ಅವಳು ತೀರ್ಥಹಳ್ಳಿ ಕಡೆಯವಳು. ‘ನಮ್ಮನೆ ಹಲಸಿನ ಮರದ ತುಂಬ ಸೀತಾಳೆ ಇರ್ತಿತ್ತು. ಮಳೆಗಾಲ ಹಿಡಿಯೋ ಹೊತ್ತಿಗೆ ದಂಡೆ ದಂಡೆ ಬಿಡ್ತಿತ್ತು, ಮುಡ್ಕೊಳ್ತಿದ್ವಿ. ಅದಕ್ಕೆ ಯಾರೂ ಒಂದು ಚೊಂಬು ನೀರು ಹಾಕಿದ್ದು ಕಾಣೆ.’ ಈ ಸೀತಾಳೆ ದಂಡೆಯೇ ಅಸ್ಸಾಮಿನ ರಾಜ್ಯಪುಷ್ಪ. ಅಲ್ಲಿಯ ಹುಡುಗಿಯರು ಬಿಹು ಕುಣಿಯುವಾಗ ಮುಡಿಯುತ್ತಾರೆ. ಅಂದರೆ ಅಲ್ಲಿಂದ ಮಲೆನಾಡಿನವರೆಗೆ ಎಲ್ಲರಿಗೂ ಗೊತ್ತಿರುವ ವಿಷಯ. ‘ಇದನ್ನ ಮೊದಲೇ ಯಾಕೆ ಹೇಳಲಿಲ್ಲ?’ ಎಂದೆ. ‘ನೀವು ಸೈನ್ಸ್ ಮೇಷ್ಟ್ರಲ್ವಾ’ ಎಂದು ಒಗ್ಗರಣೆ ಕಡೆ ತಿರುಗಿದಳು.

ನಮ್ಮ ಊರಾಚೆಯ ಪಾಲಿಹೌಸೊಂದರಲ್ಲಿ ಸೂಪರ್‌ವೈಸರ್ ಆಗಿರುವವನು ನನ್ನ ಶಿಷ್ಯ. ವಿಜ್ಞಾನದಲ್ಲಿ ಅವನನ್ನು ದಾಟಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಬಂದವನು ಗಿಡ ಕಿತ್ತು, ನೀರಿನಲ್ಲಿ ಜಾಲಾಡಿ, ಬೇರನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿದ. ಗಟ್ಟಿಯಿದ್ದದ್ದು ಉಳಿಯಬೇಕು, ಪಿಚಕ್ಕನೆ ಸಿಪ್ಪೆ ಜಾರುವುದು ಹೋಗಬೇಕು. ಉಳಿದವು ಎರಡು ಮೋಟು ಬೇರು. ‘ಸಾರ್, ಈ ಬಿಳೀವೆಲ್ಲ ಯಾರು ಕಟ್ ಮಾಡಿದ್ದು?’ ಎಂದು ಕೇಳಿದ. ನಾನು ಬೀದಿಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿಯ ಕಡೆ ಗಮನ ಕೊಟ್ಟೆ.

ಅವನು ಹೇಳಿದ ಪಥ್ಯ ಬಹಳ ಸರಳ. ಮೈಯೆಲ್ಲ ತೂತಿರುವ ಪ್ಲಾಸ್ಟಿಕ್ ಕುಂಡ, ಅದಕ್ಕೆ ಇದ್ದಿಲು, ಇಟ್ಟಿಗೆ ಚೂರು, ಉಪ್ಪು ಬಿಡುವಂತೆ ನಾಕು ದಿನ ನೀರು ಬದಲಾಯಿಸಿ ನೆನೆಸಿದ ತೆಂಗಿನಕಾಯಿ ಸಿಪ್ಪೆಯ ತುಂಡು. ಕತ್ತರಿಸಿದ ಗಾಯಕ್ಕೆ ಮಾತ್ರ, ಶಿಲೀಂಧ್ರ ಹಿಡಿಯದ ಹಾಗೆ, ಚಕ್ಕೆ ಪುಡಿ. ಗಾಯ ಒಣಗುವವರೆಗೆ ನೀರಿಲ್ಲ, ಆಮೇಲೆ ವಾರಕ್ಕೊಮ್ಮೆ, ಅದೂ ಬೇರು ಬೆಳ್ಳಗಾದ ಮೇಲೆ. ಎಲೆಗಳ ಸಂದಿಯಲ್ಲಿ ನೀರು ನಿಲ್ಲಬಾರದು. ನೇರ ಬಿಸಿಲು ಬೇಡ. ಬೇರಿಲ್ಲದ ಗಿಡ ಎಲೆಯಿಂದ ನೀರು ಕಳಕೊಳ್ಳುತ್ತದಾದ್ದರಿಂದ ನೆರಳಲ್ಲಿಟ್ಟು ಮೇಲೊಂದು ಪ್ಲಾಸ್ಟಿಕ್ ಕವರನ್ನು ಸಡಿಲವಾಗಿ ಹೊದಿಸಬೇಕು. ಹೊಸ ಬೇರು ಬರುವ ತನಕ ಗೊಬ್ಬರದ ಮಾತೇ ಎತ್ತಬಾರದು.

ಪ್ರತಿಯೊಂದನ್ನೂ ಪಾಲಿಸಿದೆ, ಸ್ವಲ್ಪ ಸ್ವಲ್ಪ ಸುಧಾರಿಸಿ.

ಇಸ್ತ್ರಿ ಅಂಗಡಿಯವನಿಂದ ಇದ್ದಿಲು ತಂದೆ, ಅಷ್ಟು ಸರಿಯಾಯಿತು. ಚಕ್ಕೆ ಪುಡಿಯನ್ನು ಅಡುಗೆಮನೆಯ ಡಬ್ಬಿಯಿಂದ ಧಾರಾಳವಾಗಿ ಬಳಿದೆ. ಅದು ಪಲಾವ್ ಮಸಾಲೆ ಎಂದು ಸಂಜೆ ಮನೆಯವಳು ಮೂಗು ಅರಳಿಸಿಕೊಂಡು ಬಂದಾಗ ತಿಳಿಯಿತು. ಮಗ್ಗದ ಊರಲ್ಲಿ ಪ್ಲಾಸ್ಟಿಕ್ ಕವರಿಗೆ ಬರವಿಲ್ಲ, ಸೀರೆಯ ಕವರು ಸಿಕ್ಕಿತು. ಸಡಿಲವಾಗಿದ್ದರೆ ಗಾಳಿಗೆ ಹಾರುತ್ತದೆಂದು ಬಾಯಿಗೆ ಬಿಗಿಯಾಗಿ ದಾರ ಕಟ್ಟಿದೆ. ಕೋಣೆಯಲ್ಲಿ ಬೆಳಕು ಸಾಲದೆಂದು ಮಹಡಿ ಮೇಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಎಲೆಯ ನಡುವೆ ಅಂಗೈಯಗಲ ಬೆಂದಿತ್ತು. ಮಸಾಲೆ ಮೊದಲೇ ಹಾಕಿದ್ದರಿಂದ ವಾಸನೆಗೆ ತೊಂದರೆಯಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಗಿಡಕ್ಕೆ ಶಕ್ತಿ ಬೇಡವೇ? ಗೊಬ್ಬರದ ಅಂಗಡಿಯಿಂದ 19-19-19 ಪೊಟ್ಟಣ ತಂದು, ಟೊಮೆಟೊಗೆ ಹಾಕುವ ಲೆಕ್ಕದಲ್ಲಿ ಕಲಸಿ, ಎಲ್ಲರೂ ಮಲಗಿದ ಮೇಲೆ ಹುಯ್ದೆ. ಮಾರನೆಯ ವಾರ ಎರಡು ಮೋಟು ಬೇರುಗಳಲ್ಲಿ ಒಂದರ ತುದಿ ಕರ್ರಗಾಗಿತ್ತು. ಶಿಷ್ಯ ಬಂದು ನೋಡಿ, ಯಾವ ಗೊಬ್ಬರ ಎಂದಷ್ಟೇ ಕೇಳಿದ. ನನಗಿಂತ ಮೊದಲು ಅಮ್ಮ ಹೇಳಿದರು. ಅವರಿಗೆ ರಾತ್ರಿ ನಿದ್ದೆ ಕಡಿಮೆ.

ಅಂದೇ ಮನೆಯವಳು ಗಿಡವನ್ನು ವಶಕ್ಕೆ ತೆಗೆದುಕೊಂಡಳು. ಅಡುಗೆಮನೆಯ ಪೂರ್ವದ ಕಿಟಕಿಗೆ ತೆಳ್ಳಗಿನ ಪರದೆ ಕಟ್ಟಿ, ಅದರ ಹಿಂದೆ ಇಟ್ಟಳು. ನನ್ನನ್ನು ದೂರವಿಡಲು ಒಂದು ಉದ್ಯೋಗವನ್ನೂ ಹುಡುಕಿದಳು. ನಮ್ಮ ಬೋರ್‌ವೆಲ್ ನೀರು ಬಲು ಗಡಸು, ಬಿಂದಿಗೆಯ ಅಂಚಿಗೆಲ್ಲ ಬಿಳಿ ಗಾರು ಕಟ್ಟುತ್ತದೆ. ಆರ್ಕಿಡ್ಡಿನ ಬೇರಿಗೆ ಆ ಉಪ್ಪು ಆಗಿಬರುವುದಿಲ್ಲ, ಮಳೆನೀರು ಅಮೃತ. ‘ನೀವು ಮಳೆನೀರು ಹಿಡಿದು ಕೊಡಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ’ ಎಂದಳು.

ಮಳೆನೀರು ಹಿಡಿಯುವುದು ದೊಡ್ಡಬಳ್ಳಾಪುರದಲ್ಲಿ ಪೂರ್ಣಾವಧಿ ನೌಕರಿ. ಆರಿದ್ರಾ ಮಳೆಗೆ ಮೋಡ ಕವಿಯುತ್ತದೆ, ಗುಡುಗುತ್ತದೆ, ನಂದಿಬೆಟ್ಟದ ಕಡೆ ಸುರಿದು ಹೋಗುತ್ತದೆ. ನಾನು ಬೋಗುಣಿ ಹಿಡಿದು ಮಹಡಿ ಹತ್ತುವುದು, ಇಳಿಯುವುದು. ಮೊದಲ ಮಳೆಯ ನೀರಲ್ಲಿ ಧೂಳಿರುತ್ತದೆಂದು ಚೆಲ್ಲಿ ಬೋಗುಣಿ ತೊಳೆಯುವಷ್ಟರಲ್ಲಿ ಮಳೆಯೇ ನಿಂತಿರುತ್ತಿತ್ತು. ಒಮ್ಮೆ ಬೀದಿಯಲ್ಲೇ ಬೋಗುಣಿಗಳನ್ನು ಸಾಲಾಗಿಟ್ಟು ಕೊಡೆ ಹಿಡಿದು ಕಾವಲು ನಿಂತೆ. ಎದುರು ಮನೆಯವರು ‘ಏನ್ ಸಾರ್, ಬೋರ್ ನಿಂತ್ಹೋಯ್ತಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೂ ಕೊಡ ತಂದಿಟ್ಟರು. ಸಂಜೆಯೊಳಗೆ ನಮ್ಮ ಅಡ್ಡರಸ್ತೆಯ ತುಂಬ ಬಕೆಟ್ಟು. ರಾತ್ರಿ ಟ್ಯಾಂಕರಿನವನು ತಾನಾಗಿ ಫೋನು ಮಾಡಿ ರೇಟು ಹೇಳಿದ.

ಮೊನ್ನೆ ಕಾರ್ತಿಕದ ಹೊತ್ತಿಗೆ ಗಿಡದ ಬುಡದಲ್ಲಿ ಹೊಸ ಬೇರೊಂದು ಹೊರಟಿತು. ಮೈ ಬೆಳ್ಳಗೆ, ತುದಿ ಹಸಿರು. ಕತ್ತರಿಯನ್ನು ಅದಕ್ಕೂ ಮೊದಲೇ ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ. ಹಳೆಯ ಎಲೆಗಳ ಸುಕ್ಕು ಹಾಗೇ ಇದೆ. ಅವು ಇನ್ನು ನೆಟ್ಟಗಾಗುವುದು ಕಷ್ಟ, ಗಿಡ ಬದುಕಿದೆಯೋ ಇಲ್ಲವೋ ಎಂದು ಹೊಸ ಬೇರು, ಹೊಸ ಎಲೆ ನೋಡಿ ತೀರ್ಮಾನಿಸಬೇಕು ಎಂದು ಶಿಷ್ಯ ಹೇಳಿದ್ದಾನೆ. ಬೆಂದ ಎಲೆಯನ್ನೂ ಕೀಳುವಂತಿಲ್ಲ, ಹಸಿರು ಉಳಿದಷ್ಟು ದಿನ ಅದು ಗಿಡಕ್ಕೆ ದುಡಿಯುತ್ತದೆ. ರಾತ್ರಿಯ ಚಳಿ ಕೆಲವು ವಾರ ತಾಕಿದರೆ ಈ ಜಾತಿ ಹೂಗಡ್ಡಿ ಹೊರಡಿಸುತ್ತದೆ. ನಮ್ಮ ಸೀಮೆಯ ಮಾಗಿ ಚಳಿ ಅದಕ್ಕೆ ಹೇಳಿಮಾಡಿಸಿದ್ದು. ಆದರೆ ಈ ವರ್ಷ ಬೇಡ, ಮೈ ಹಿಡಿಯಲಿ ಎನ್ನುತ್ತಾಳೆ ಮನೆಯವಳು. ಅಮ್ಮನೂ ಅದನ್ನೇ ಹೇಳುತ್ತಾರೆ, ಬಾಣ್ತಿ ವಿಷಯದಲ್ಲಿ ಅವಸರ ಸಲ್ಲದಂತೆ. ಅತ್ತೆ ಸೊಸೆ ಒಂದು ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಆರ್ಕಿಡ್ ಸಾಕುವ ಆಸೆಯಿದ್ದು ಶಾಸ್ತ್ರೀಯವಾಗಿ ತಿಳಿಯಬೇಕೆನ್ನುವವರಿಗೆ ಸಿಕ್ಕಿಂನ ಪಾಕ್ಯೊಂಗ್‌ನಲ್ಲಿ 1996ರಿಂದಲೂ ರಾಷ್ಟ್ರೀಯ ಸಂಶೋಧನಾ ಕೇಂದ್ರವೊಂದಿದೆ. ದಯವಿಟ್ಟು ಅವರನ್ನು ಕೇಳಿ, ನನ್ನನ್ನಲ್ಲ. ಇನ್ನು 19-19-19 ಪೊಟ್ಟಣದಲ್ಲಿ ಮುಕ್ಕಾಲು ಭಾಗ ಹಾಗೇ ಉಳಿದಿದೆ. ದ್ರಾಕ್ಷಿಯೋ ಟೊಮೆಟೊವೋ ಇಟ್ಟವರು ಯಾರಾದರೂ ಬಂದು ಒಯ್ಯಿರಿ, ದುಡ್ಡು ಬೇಡ. ಹಗಲು ಹೊತ್ತು ಬನ್ನಿ, ಮನೆಯವಳ ಮುಂದೆಯೇ ಕೊಡಬೇಕಂತೆ.